ನಾಲ್ಕನೆಯ ಕೂಗು

ನಾನು ಓದು ನಿಲ್ಲಿಸಿದ್ದು 1971ರಲ್ಲಿ, ಏಳನೆಯ ತರಗತಿಯಲ್ಲಿ. ಅದೇ ವರ್ಷ ರಾಯಚೂರಿಗೆ ಬಂದೆ, ಅದೇ ವರ್ಷ ಆ ಮನುಷ್ಯನ ಕತ್ತು ನೋಡಿದೆ. ಕೂಗುವ ಮೊದಲು ಆ ಕತ್ತಿನ ಎಡಬದಿಗೆ ಒಂದು ನರ ಹೆಬ್ಬೆರಳಿನಷ್ಟು ದಪ್ಪವಾಗಿ ಏಳುತ್ತಿತ್ತು. ಕೂಗು ಮುಗಿದ ಮೇಲೂ ಅದು ಕೂಡಲೇ ಇಳಿಯುತ್ತಿರಲಿಲ್ಲ. ಕರೆದವರು ಎದ್ದು ಬರುವವರೆಗೆ ಕಾಯುವಂತೆ ಹಾಗೇ ನಿಂತಿರುತ್ತಿತ್ತು.

ಅವರು ಕೋರ್ಟಿನ ಜವಾನ. ಬಿಳಿ ಅಂಗಿ, ಎದೆಗೆ ಅಡ್ಡಲಾಗಿ ಕೆಂಪು ಪಟ್ಟಿ, ಪಟ್ಟಿಯ ಮೇಲೆ ಹಿತ್ತಾಳೆ ಬಿಲ್ಲೆ. ಸಾಹೇಬರು ಒಳಗೆ ಫೈಲು ತೆಗೆದರೆ ಇವರು ವರಾಂಡಕ್ಕೆ ಬಂದು ಕಕ್ಷಿದಾರರ ಹೆಸರನ್ನು ಮೂರು ಸಲ ಕೂಗಬೇಕು. ಕೊನೆಗೆ ನಿಜಾಮರ ಕಾಲದಿಂದ ಬಂದ 'ಹಾಜಿರ್ ಹೋ' ಎಂಬ ಮಾತು. ಮೂರಕ್ಕೂ ಯಾರೂ ಓಗೊಡದಿದ್ದರೆ ಆ ಮನುಷ್ಯ ಬಂದಿಲ್ಲವೆಂದು ಒಳಗೆ ಬರೆದುಕೊಳ್ಳುತ್ತಾರೆ. ನಾನು ಕೆಲಸಕ್ಕೆ ಸೇರಿದ ವೆಲ್ಡಿಂಗ್ ಅಂಗಡಿ ಕೋರ್ಟಿನ ಹಿಂದಿನ ಗಲ್ಲಿಯಲ್ಲಿತ್ತು. ಕಬ್ಬಿಣ ಕೊಯ್ಯುವ ಸದ್ದನ್ನೂ ದಾಟಿ ಅವರ ದನಿ ಬರುತ್ತಿತ್ತು. ಮುಂದೆ ನಾನು ಮನೆ ಹಿಡಿದದ್ದು ಅವರ ಪಕ್ಕದಲ್ಲೇ. ಗಲ್ಲಿಯವರೆಲ್ಲ ಅವರನ್ನು ಕಾಕಾ ಅನ್ನುತ್ತಿದ್ದರು, ಅವರ ಹೆಂಡತಿಯನ್ನು ಕಾಕಿ. ಅವರಿಗೆ ಮಕ್ಕಳಿರಲಿಲ್ಲ.

ನಾನು ಶಾಲೆ ಬಿಟ್ಟದ್ದು ಬಡತನಕ್ಕೆ ಅಂತ ಎಲ್ಲರಿಗೂ ಹೇಳುತ್ತ ಬಂದಿದ್ದೇನೆ. ಬಡತನ ಇತ್ತು, ಸುಳ್ಳಲ್ಲ. ಆದರೆ ಬಿಟ್ಟದ್ದು ಹೆಸರಿಗೆ. ನಮ್ಮದು ದೇವದುರ್ಗ ತಾಲೂಕಿನಲ್ಲಿ, ಗಬ್ಬೂರಿನ ಆಚೆ ಒಂದು ಹಳ್ಳಿ. ನನಗಿಂತ ಮುಂಚೆ ಹುಟ್ಟಿದ ಮೂವರು ಉಳಿಯಲಿಲ್ಲ. ನಾನು ಹುಟ್ಟಿದಾಗ ಅವ್ವ ಐದು ಮನೆ ತಿರುಗಿ ಜೋಳ ಬೇಡಿ ತಂದು ತಿರಕಪ್ಪ ಅಂತ ಹೆಸರಿಟ್ಟಳು. ಬೇಡಿ ತಂದ ಕೂಸನ್ನು ಸಾವು ಮುಟ್ಟುವುದಿಲ್ಲವೆಂದು ಅವಳ ನಂಬಿಕೆ. ಏಳನೆಯ ತರಗತಿಗೆ ಪೇಟೆಯಿಂದ ಬಂದ ಇಬ್ಬರು ಹುಡುಗರು ಹಾಜರಿ ಕರೆಯುವಾಗ ಅಂಗೈ ಚಾಚಿ, "ಭಿಕ್ಷಾ ಹಾಕ್ರೆವ್ವೋ" ಅನ್ನುತ್ತಿದ್ದರು. ನಾನು ಓಗೊಡುವುದನ್ನೇ ಬಿಟ್ಟೆ. ಅಲ್ಲೇ ಕೂತಿರುತ್ತಿದ್ದೆ, ಪುಸ್ತಕದಲ್ಲಿ ಗೈರುಹಾಜರಿ ಬೀಳುತ್ತಿತ್ತು. ಒಂದು ದಿನ ಹೆಸರನ್ನೇ ಹೊಡೆದು ಹಾಕಿದರು. ಇದನ್ನು ನಾನು ಬಾಯಿಬಿಟ್ಟು ಹೇಳಿದ್ದು ಕಾಕಾ ಒಬ್ಬರಿಗೆ. ಅವರು ನಗಲಿಲ್ಲ. ಬೀಡಿ ಆರಿಸಿ, "ಕುಂತಲ್ಲೇ ಗೈರುಹಾಜರಿ ಆದೋರನ್ನ ನಾನೂ ನೋಡೀನಿ, ತಮ್ಮಾ" ಅಂದರು.

ಇಪ್ಪತ್ತು ದಾಟುವುದರೊಳಗೆ ಸ್ವಂತ ಶೆಡ್ಡು ಹಾಕಿದೆ. ಯಾರಿಗೂ ಕೈ ಚಾಚಲಿಲ್ಲ. ಮಾನ್ವಿಯ ರೈಸ್‌ಮಿಲ್ಲಿನವರೂ ಗೇಟು ಮಾಡಿಸಲು ನನ್ನನ್ನೇ ಹುಡುಕಿಕೊಂಡು ಬರುತ್ತಿದ್ದರು. ಹೆಣ್ಣು ಕೊಟ್ಟದ್ದೂ ಮಾನ್ವಿಯವರೇ. 1979ರಲ್ಲಿ ಗಂಡುಮಗು ಹುಟ್ಟಿತು. ನನ್ನ ಹೆಸರಿನ ಸೇಡನ್ನೆಲ್ಲ ಅವನ ತೊಟ್ಟಿಲಲ್ಲಿ ತೀರಿಸಿಕೊಂಡೆ: ವಿಕ್ರಮಾದಿತ್ಯ. ಕಾಕಾ ಕೇಳಿ, "ಕೂಸಿಗೆ ಕಿರೀಟ ಭಾರ ಆಗ್ತದಲೋ" ಅಂದಿದ್ದರು. ಎಂಟು ತಿಂಗಳಿಗೆ, ಮಾನ್ವಿಯ ತವರಿನಲ್ಲಿದ್ದಾಗಲೇ, ಜ್ವರ ಬಂದು ಹೋದ. ಅದು ಜ್ವರ, ಹೆಸರಲ್ಲ, ನನಗೆ ಗೊತ್ತು. ಆದರೆ ನನ್ನ ಹೆಂಡತಿಗೆ ಅದನ್ನು ಹೇಳುವ ಧೈರ್ಯ ನನಗೆ ಬರಲಿಲ್ಲ.

1981ರಲ್ಲಿ ಹೆಣ್ಣು ಹುಟ್ಟಿದ ಸುದ್ದಿ ಮಾನ್ವಿಯಿಂದ ಬಂತು. ಹೆಸರಿನದು ಮತ್ತೆ ಶುರುವಾಯಿತು. ಸಂಜೆ ಕಾಕಾನ ಕಟ್ಟೆಗೆ ಹೋಗಿ ಕೂತು, ನಾನು ಯೋಚಿಸಿಟ್ಟ ಹೆಸರುಗಳನ್ನು ಹೇಳಿದೆ. ನಮ್ಮ ಓಣಿಯಲ್ಲಿ ಯಾರಿಗೂ ಇಲ್ಲದ ಹೆಸರುಗಳೇ ಬೇಕಾಗಿದ್ದವು: ಚಿನ್ನಾರಿ, ಬೊಂಬೆ, ಸ್ವೀಟಿ.

ಕಾಕಾ ಎದ್ದು ನಿಂತರು. ಕತ್ತಿನ ನರ ಎದ್ದಿತು. "ಸ್ವೀಟಿ... ಸ್ವೀಟಿ... ಸ್ವೀಟಿ, ಹಾಜಿರ್ ಹೋ!"

ಎದುರು ಮನೆಯವರು ಹೊರಗೆ ಬಂದರು. ಕಾಕಿ ಸೆರಗು ಬಾಯಿಗೆ ಹಿಡಿದು ನಗುತ್ತ ಒಳಗೆ ಓಡಿದಳು.

"ನೋಡ್ದೇನು? ಅಕಿಗಿ ಐವತ್ತು ವರ್ಷ ಅಂತ ತಿಳಕೋ. ಮಣಕಾಲ ನೋವು. ಕೈಯಾಗ ರೇಷನ್ ಕಾರ್ಡು, ಕಂಕಳಾಗ ಮೊಮ್ಮಗ. ಇಷ್ಟು ಮಂದ್ಯಾಗ ಸ್ವೀಟಿ ಅಂದ್ರ ಎದ್ದು ಬರ್ತಾಳೇನು?"

"ಸಣ್ಣಾಕಿ ಇದ್ದಾಗ ಚೆಂದ ಕೇಳಸ್ತದಲ್ರಿ ಕಾಕಾ."

"ಸಣ್ಣಾಕಿ ಎಷ್ಟ ದಿನ ಇರ್ತಾಳ? ತಮ್ಮಾ, ನಾ ಮೂರು ಸಲ ಯಾಕ ಕೂಗತೀನಿ ಗೊತ್ತೇನು? ಕಾನೂನು ಏನರೆ ಅನ್ಲಿ, ನನ್ನ ಲೆಕ್ಕ ಬ್ಯಾರೆ. ಒಂದನೇದು ಕೂಸಿಗೆ. ಎರಡನೇದು ಬಾಳೇವು ಮಾಡಾಕಿಗೆ. ಮೂರನೇದು ಮುದುಕಿಗೆ. ಮೂರಕ್ಕೂ ಒಬ್ಬಾಕೀನ ಓ ಅನಬೇಕು. ಅದು ಹೆಸರು."

ಆಮೇಲೆ ಅವರ ದನಿ ಇಳಿಯಿತು. "ಹೆಣ್ಮಕ್ಕಳ ಹೆಸರು ನಾ ಕೂಗೋದು ಎರಡ ಕಾಲಕ್ಕ. ಗಂಡ ಸತ್ತಾಗ, ಗಂಡ ಬಿಟ್ಟಾಗ. ನಿನ್ನ ಮಗಳು ಬ್ಯಾರೆ ಕೆಲಸಕ್ಕ ಕೋರ್ಟಿನ ಮೆಟ್ಟಲಾ ಹತ್ಲಿ. ಒಂದು ಹೆಸರು ಅದ ನನ್ನ ಹಂತ್ಯಾಕ. ಮೇದಿನಿ. ಮಠದಾಗ ಪುರಾಣ ಹೇಳುವಾಗ ಕೇಳಿದ್ದೆ. ನನಗ ಮಗಳು ಹುಟ್ಟಿದ್ರ ಇಡಬೇಕಂತ ಇಪ್ಪತ್ತು ವರ್ಷ ಇಟಗೊಂಡಿದ್ದೆ. ನನಗೇನು ಹುಟ್ಟಲಿಲ್ಲ, ನೀ ಒಯ್ಯಿ."

ಮೇದಿನಿ. ಮೆಲ್ಲಗೆ ಮೂರು ಸಲ ಅಂದು ನೋಡಿದೆ. ಮೂರು ಸಲವೂ ಒಬ್ಬಳೇ ಬಂದಳು. ಆದರೆ ಕಷ್ಟ ಬೇರೆ ಇತ್ತು. "ನಮ್ಮತ್ತಿ ಒಪ್ಪಂಗಿಲ್ರಿ ಕಾಕಾ. ಈ ಕೂಸು ಉಳೀಬೇಕಂದ್ರ ತನ್ನ ಹೆಸರ ಇಡಬೇಕಂತ ಹಟ ಹಿಡದಾಳ. ತಿಪ್ಪಿಗೆ ಒಗದದ್ದನ್ನ ಸಾವೂ ಎತ್ತಂಗಿಲ್ಲ ಅಂತಾಳ. ತಿಪ್ಪವ್ವ ಅಂತ ಅಕಿ ಹೆಸರು."

ಕಾಕಾ ಬೀಡಿಗೆ ಕಡ್ಡಿ ಗೀರಿದವರು ಹಚ್ಚಲಿಲ್ಲ. "ಮಾನ್ವಿ ತಿಪ್ಪವ್ವ?" ಅಂದರು. "ಗಂಡನ ಹೆಸರೇನು?"

ತೀರಿಹೋದ ಮಾವನ ಹೆಸರು ಹೇಳಿದೆ. ಕಡ್ಡಿ ಬೆರಳ ತನಕ ಉರಿದು ಬಂತು.

"ತೊಟ್ಟಿಲಕ್ಕ ನಾನೂ ಬರ್ತೀನಿ" ಅಂದರು.

ಹನ್ನೆರಡನೆಯ ದಿನ ಇಬ್ಬರೂ ಬಸ್ಸು ಹತ್ತಿದೆವು. ಕಲ್ಮಲ ದಾಟಿತು, ಗದ್ದೆಗಳು ಬಂದವು, ಮಾನ್ವಿಯೂ ಬಂತು; ಅವರ ಬೆರಳ ನಡುವಿನ ಬೀಡಿ ಹಚ್ಚದೆಯೇ ಇತ್ತು.

ಮನೆಯಲ್ಲಿ ಗುಗ್ಗರಿ ಹಂಚಲು ಹೆಂಗಸರು ಕೂಡಿದ್ದರು. ಕಿವಿಯಲ್ಲಿ ಹೆಸರು ಹೇಳುವ ಸೋದರತ್ತೆ, ಅಂದರೆ ನನ್ನ ತಂಗಿ, ಯಾವ ಹೆಸರು ಹೇಳಬೇಕೆಂದು ತಿಳಿಯದೆ ತೊಟ್ಟಿಲ ಬಳಿ ನಿಂತಿದ್ದಳು. ನಾನು ಮೇದಿನಿ ಅಂದೆ. ನನ್ನ ಹೆಂಡತಿ ಕೂಸನ್ನು ಎದೆಗೆ ಅವಚಿಕೊಂಡಳು.

"ವಿಕ್ರಮಾದಿತ್ಯ ಅಂದ್ರಿ. ಎಂಟು ತಿಂಗಳಿಗೆ ಮಣ್ಣು ಮಾಡಿ ಬಂದ್ರಿ. ಈ ಸಲ ನಿಮ್ಮ ದೌಲತ್ತು ತೊಟ್ಟಿಲ ತನಕ ತರಬ್ಯಾಡ್ರಿ. ಅವ್ವನ ಹೆಸರು ಇಡೂದಿಲ್ಲಂದ್ರ ನಾ ಕೂಸಿನ್ನ ತೊಟ್ಟಿಲಾಗ ಹಾಕಂಗಿಲ್ಲ."

ಅತ್ತೆ ಬಾಗಿಲಿಗೆ ಆತು ನಿಂತು ಹೇಳಿದಳು: "ಆ ಹೆಸರಿನ ಮ್ಯಾಲ ನಾ ಅರವತ್ತು ವರ್ಷ ಬದುಕೀನಿ, ಅಳಿಯಪ್ಪಾ. ಬದುಕೂದು ದೊಡ್ಡದೋ, ಚೆಂದ ಕೇಳಸೂದು ದೊಡ್ಡದೋ?"

ಬೇಡಿದ ಹೆಸರಿನಲ್ಲಿ ನಾನೂ ಬದುಕಿದವನೇ. ಚಪ್ಪಲಿ ಮೆಟ್ಟಿ ಹೊರಟುಬಿಡಬೇಕೆಂದಿದ್ದೆ. ಅಷ್ಟರಲ್ಲಿ ಕಾಕಾ ಅಂಗಳಕ್ಕಿಳಿದರು. ಬೆನ್ನು ನೆಟ್ಟಗೆ ಮಾಡಿದರು. ಕತ್ತಿನ ನರ ಎದ್ದಿತು.

"ಮಾನ್ವಿ ತಿಪ್ಪವ್ವಾ..."

ಕೂಡಿದ್ದ ಹೆಂಗಸರಲ್ಲಿ ಯಾರೋ ಕಿಸಕ್ಕೆಂದರು. ಅತ್ತೆಯ ಮುಖ ಬೂದಿಯಂತಾಯಿತು.

"ಮಾನ್ವಿ ತಿಪ್ಪವ್ವಾ..."

ಅವಳು ಕುಸಿದು ಕೂತು, ಸೆರಗನ್ನು ಗಲ್ಲದ ತನಕ ಎಳೆದುಕೊಂಡಳು. "ಸಾಕೋ ಯಪ್ಪಾ. ಮೂರನೇದು ಕೂಗಬ್ಯಾಡ."

ಮನೆ ತುಂಬ ಮಂದಿ. ಯಾರಿಗೂ ಏನೂ ತಿಳಿಯಲಿಲ್ಲ. ಸೆರಗಿನೊಳಗಿಂದಲೇ ಅವಳು ಕೇಳಿದಳು: "ಕೋರ್ಟಿನ್ಯಾಗ ಕೂಗಿದಂವ ನೀನ ಏನು?"

"ನಾನ ರೀ ಯವ್ವಾ."

"ನಾ ಅಲ್ಲೇ ಕುಂತಿದ್ದೆ. ಬೇವಿನ ಗಿಡದ ಬುಡಕ."

"ಗೊತ್ತಿತ್ರಿ. ಹೆಸರು ಕೇಳಿ ಸೆರಗು ಎಳಕೊಂಡ್ರಿ. ನಿಮ್ಮನ್ನ ನೋಡಿಕೋತನ ಮೂರನೇದು ಕೂಗೀನಿ."

ಮಾವ ಸತ್ತ ಮೇಲೆ ಹೊಲವನ್ನು ಮೈದುನ ನುಂಗಿದನೆಂದು ಅತ್ತೆ ಎಲ್ಲರಿಗೂ ಹೇಳುತ್ತಿದ್ದಳು. ನುಂಗಿದ್ದು ಹೇಗೆಂದು ಅವತ್ತು ತಿಳಿಯಿತು. ದಾವೆ ಹಾಕಿ, ರಾಯಚೂರಿಗೆ ಬಂದು, ಕೋರ್ಟಿನ ಅಂಗಳದಲ್ಲಿ ಕೂತಿದ್ದಾಳೆ. ಮೊದಲನೆಯ ಕೂಗಿಗೆ ವರಾಂಡದಲ್ಲಿದ್ದ ಪಡ್ಡೆಗಳು, "ತಿಪ್ಪಿ ಬಂತು, ಮೂಗು ಮುಚ್ಚಿಕೊಳ್ರಿ" ಅಂದು ನಕ್ಕಿದ್ದಾರೆ. ಗಂಡ ಸತ್ತು ಇನ್ನೂ ವರ್ಷ ತುಂಬದ ಹೆಂಗಸು ಆ ನಗೆಯ ನಡುವೆ ಎದ್ದು ನಿಲ್ಲಲಾರದೆ ಸೆರಗು ಎಳೆದುಕೊಂಡಿದ್ದಾಳೆ. ಮೂರು ಕೂಗು ಮುಗಿದವು. ಬಂದಿಲ್ಲವೆಂದು ದಾವೆ ವಜಾ ಆಯಿತು. ಮತ್ತೆ ಹಾಕಲು ಅವಳಿಗೆ ಯಾರಿದ್ದರು?

"ಗೊತ್ತಿದ್ದು ಯಾಕ ಕೈ ಹಿಡದು ಎಬ್ಬಸಲಿಲ್ಲ?" ಅಂದಳು ಅತ್ತೆ.

"ಮೂರ ಕೂಗು ಅಂತ ಕಾನೂನು ಅದ ಅಂದುಕೊಂಡೆ, ಯವ್ವಾ. ನಾಕನೇದು ಕೂಗಬ್ಯಾಡ ಅಂತ ಎಲ್ಲೂ ಬರದಿಲ್ಲ. ಅದು ನನಗ ಮನೀಗೆ ಬಂದ ಮ್ಯಾಲೆ ಹೊಳೀತು."

ಕೂಸು ಅತ್ತಿತು. ಅತ್ತೆ ಸೆರಗು ಸರಿಸಿ ನನ್ನತ್ತ ನೋಡಿದಳು.

"ಏನಂದ್ರಿ ಆ ಹೆಸರು?"

"ಮೇದಿನಿ."

"ಅಂದ್ರ?"

"ಭೂಮಿ" ಅಂದರು ಕಾಕಾ.

"ಹೊಲಾನೂ ಬಂತೇನು ಅದರಾಗ?"

"ಬಂತ್ರಿ."

"ಇಡ್ರಿ ಹಂಗಾರ. ನನ್ನ ಹೆಸರು ನನ್ನ ಕೂಡ ಹೋಗ್ಲಿ" ಅಂದವಳು ಮಗಳ ಕೈಯಿಂದ ಕೂಸನ್ನು ತಾನೇ ತೆಗೆದು ತೊಟ್ಟಿಲಿಗೆ ಹಾಕಿದಳು. ಕಾಕಾಗೆ ಹೋಳಿಗೆ ನೀಡಿದಳು, ತುಪ್ಪ ಹಾಕಿದಳು. ಮಾತು ಮಾತ್ರ ಆಡಲಿಲ್ಲ. ಬದುಕಿರುವ ತನಕ ಆಡಲಿಲ್ಲ. ಬಸ್ಸಿನಲ್ಲಿ ಬರುವಾಗ ಕಾಕಾ ಒಂದೇ ಮಾತು ಅಂದರು: "ಬೈದಿದ್ರ ಚಲೋ ಇತ್ತು."

ಮಗಳು ಉಳಿದಳು. ಅದು ಹೆಸರಿನಿಂದಲ್ಲ, ಗೊತ್ತು. ಆದರೂ ಮೊದಲ ಎಂಟು ತಿಂಗಳು ನಾನೂ ನನ್ನ ಹೆಂಡತಿಯೂ ಒಬ್ಬರಿಗೊಬ್ಬರು ಕಾಣದಂತೆ ದಿನ ಎಣಿಸಿದೆವು. ನಡೆಯಲು ಕಲಿತ ಮೇಲೆ ಅವಳು ಇದ್ದದ್ದೆಲ್ಲ ಕಾಕಾನ ಕಟ್ಟೆಯ ಮೇಲೆ. ಅವರು ಕೋರ್ಟಿನಿಂದ ಬಂದು ಪಟ್ಟಿ ತೆಗೆದು ಮೊಳೆಗೆ ಹಾಕಿ, ಗಲ್ಲಿಯ ತುದಿಗೆ ಕೇಳುವಂತೆ ಕೂಗುತ್ತಿದ್ದರು. ಎಲ್ಲಿದ್ದರೂ ಓ ಅನ್ನುತ್ತ ಓಡಿ ಬರುತ್ತಿದ್ದಳು. "ಒಂದನೇ ಕೂಗಿಗೇ ಓ ಅನಬೇಕವ್ವಾ. ಯಾರರೆ ನಗಲಿ. ಮೂರನೇದರ ತನಕ ಕಾಯಬ್ಯಾಡ." ಶಾಲೆಗೆ ಸೇರಿಸಿದ ಮೇಲೆ ದಿನಾ ಸಂಜೆ ಒಂದೇ ಪ್ರಶ್ನೆ: "ಇವತ್ತು ಹಾಜರಿ ಹೇಳಿದೇನು?" ಅವಳು ಹೂಂ ಅಂದರೆ ನನ್ನ ಕಡೆ ನೋಡುತ್ತಿದ್ದರು. ನಾನು ಕಬ್ಬಿಣದ ಕಡೆ ನೋಡುತ್ತಿದ್ದೆ.

ನಿವೃತ್ತಿಯಾದ ಮೇಲೆ ಕಾಕಾ ಹೆಚ್ಚು ದಿನ ಬಾಳಲಿಲ್ಲ. ಕೂಗುವ ಕೆಲಸ ಹೋದದ್ದೇ ಸುಮ್ಮನೆ ಕೂಡತೊಡಗಿದರು. ಬಿಲ್ಲೆಯನ್ನು ಕಚೇರಿಗೆ ಒಪ್ಪಿಸಿ ಬಂದಿದ್ದರು. ಪಟ್ಟಿ ಹಳೆಯದೆಂದು ಇವರಿಗೇ ಬಿಟ್ಟಿದ್ದರು. ಒಮ್ಮೊಮ್ಮೆ ಮಧ್ಯಾಹ್ನದ ನಿದ್ದೆಯಲ್ಲಿ ಹೆಸರು ಕೂಗುತ್ತಿದ್ದರಂತೆ. "ಒಂದು, ಎರಡು, ಮೂರು... ಅಲ್ಲಿಗೆ ನಿಲ್ಲಂಗಿಲ್ಲ ತಮ್ಮಾ, ಕೂಗತಾನ ಇರ್ತಾರ" ಅಂದಿದ್ದಳು ಕಾಕಿ. ಯಾರ ಹೆಸರು ಅಂತ ನಾನು ಕೇಳಲಿಲ್ಲ.

1988ರ ಬೇಸಿಗೆಯಲ್ಲಿ ಹೋದರು. ಹೆಗಲು ಕೊಟ್ಟವರಲ್ಲಿ ನಾನೊಬ್ಬ. ವಾರದ ಮೇಲೆ ಸಾವು ಬರೆಸಲು ಕಾಕಿಯನ್ನು ಮುನಿಸಿಪಾಲಿಟಿಗೆ ಕರೆದುಕೊಂಡು ಹೋದೆ. ಗುಮಾಸ್ತ ತಲೆ ಎತ್ತದೆ ಕೇಳಿದ: "ಸತ್ತವರ ಹೆಸರು?"

ಹದಿನೇಳು ವರ್ಷ ಅವರ ಕೂಗು ಕೇಳಿದ್ದೆ, ಪಕ್ಕದ ಮನೆಯಲ್ಲೇ ಇದ್ದೆ. ಊರಿನವರ ಹೆಸರನ್ನೆಲ್ಲ ಕೂಗಿದ ಮನುಷ್ಯನ ಹೆಸರು ನನಗೆ ಗೊತ್ತಿರಲಿಲ್ಲ. ಕೇಳಿಯೇ ಇರಲಿಲ್ಲ. ಕಾಕಿಯತ್ತ ತಿರುಗಿದೆ. ನಮ್ಮ ಕಡೆ ಗಂಡನ ಹೆಸರನ್ನು ಹೆಂಡತಿ ನಾಲಿಗೆಗೆ ತರುವುದಿಲ್ಲ; ತಂದರೆ ಅವನ ಆಯುಷ್ಯ ಕಡಿಮೆಯಾಗುತ್ತದೆಂದು ನಂಬಿಕೆ. ಅವಳು ಸೆರಗು ಕಚ್ಚಿ ನೆಲ ನೋಡುತ್ತಿದ್ದಳು. ಗುಮಾಸ್ತ ಮತ್ತೊಮ್ಮೆ ಕೇಳಿದ. ಮೂರನೆಯ ಸಲ ಕೇಳುವಾಗ ಪೆನ್ನು ಮುಚ್ಚಿದ್ದ. "ಹೆಸರು ಗೊತ್ತಿಲ್ಲಂದ್ರ ಸರೀರಿ, ಹಿಂದ ಮಂದಿ ನಿಂತಾರ."

"ಇನ್ನೊಂದು ಸಲ ಕೇಳ್ರಿ, ಸಾಹೇಬ್ರ" ಅಂದೆ. "ಒಂದ ಸಲ."

ಅವನು ನನ್ನ ಮುಖ ನೋಡಿ, ಏನನ್ನಿಸಿತೋ, ನಾಲ್ಕನೆಯ ಸಲ ಕೇಳಿದ.

ಕಾಕಿ ನನ್ನ ತೋಳು ಹಿಡಿದಳು. "ಈಗ ಹೇಳಿದ್ರ ನಡೀತದೇನು, ತಮ್ಮಾ? ಇನ್ನ ಅವರಿಗೇನೂ ಆಗಂಗಿಲ್ಲಲ್ಲ?"

"ಆಗಂಗಿಲ್ಲ ಕಾಕಿ. ಹೇಳ್ರಿ."

ಹೇಳಿದಳು. ಅದೂ ನನ್ನ ಹೆಸರಿನಂಥದೇ, ಸಾವು ಮುಟ್ಟದಿರಲೆಂದು ಯಾವುದೋ ತಾಯಿ ಇಟ್ಟದ್ದು. ಜೀವಮಾನವೆಲ್ಲ ಅವರು ಅದನ್ನು ಗಲ್ಲಿಯಲ್ಲಿ ಯಾರಿಗೂ ಹೇಳಿರಲಿಲ್ಲ. ನಾನೂ ಇಲ್ಲಿ ಬರೆಯುವುದಿಲ್ಲ.

ಈಗ ನನಗಿರುವುದು: ಒಂದು ಶೆಡ್ಡು, ಎರಡು ವೆಲ್ಡಿಂಗ್ ಮಷೀನು, ಎರಡು ಕೋಣೆಯ ಮನೆ, ಹೆಂಡತಿ, ಒಬ್ಬಳು ಮಗಳು, ಮಾನ್ವಿಯ ಮಣ್ಣಿನಲ್ಲಿ ಒಬ್ಬ ಮಗ, ಗೋಡೆಯ ಮೊಳೆಯ ಮೇಲೆ ಕಾಕಿ ಕೊಟ್ಟ ಒಂದು ಕೆಂಪು ಪಟ್ಟಿ.