ಮೋರಿಗೂ ಒಂದು ಪಾಲು

ಮೊನ್ನೆ ಬೆಳಿಗ್ಗೆ ಚರ್ಚಿನ ಬಟ್ಟೆಗಳಿಗೆಂದು ಗಂಜಿ ಕಾಯಿಸಿ ಆರಲಿಟ್ಟಿದ್ದೆ. ಆ ವಾಸನೆಗೆ, ರಾಜಾಜಿನಗರದ ನಮ್ಮ ಹಳೆಯ ವಠಾರದ ಪಕ್ಕದ ಮನೆ ಆಂಟಿ ಸೆರಗು ಸಿಕ್ಕಿಸಿಕೊಂಡು ಎದುರಿಗೆ ನಿಂತ ಹಾಗಾಯಿತು...

ಬಲಿಪೀಠದ ಬಟ್ಟೆಗಳನ್ನು ಒಗೆದು, ಗಂಜಿ ಹಾಕಿ, ಇಸ್ತ್ರಿ ಮಾಡುವುದು ಅವರ ಡ್ಯೂಟಿ. ಪೂಜೆಯ ಪಾತ್ರೆ ಒರೆಸಿದ ಬಟ್ಟೆಯ ಮೊದಲ ನೀರನ್ನು ಮೋರಿಗೆ ಚೆಲ್ಲುವಂತಿಲ್ಲ. ಪವಿತ್ರ ದ್ರಾಕ್ಷಾರಸದ, ಅಂದರೆ ಯೇಸುವಿನ ರಕ್ತದ, ಹನಿ ಇದ್ದೀತೆಂದು ಮಣ್ಣಿಗೇ ಸೇರಿಸಬೇಕು. ಆಂಟಿ ಅದನ್ನು ಕರಿಬೇವಿನ ಗಿಡಕ್ಕೆ ಹಾಕುತ್ತಿದ್ದರು.

ಆ ವಠಾರದಲ್ಲಿದ್ದಾಗಲೇ ನನ್ನ ಮೊದಲ ಮಗು ಹುಟ್ಟಿದ ದಿನವೇ ಹೋಗಿಬಿಟ್ಟಿತ್ತು. ಬಂದವರೆಲ್ಲ "ಪ್ರೇಯರ್ ಮಾಡಮ್ಮಾ, ಗಾಡ್ ವಿಲ್ ಬ್ಲೆಸ್ ಯು" ಎಂದು ಕಾಫಿ ಕುಡಿದು ಹೋದರು. ಅಂದರೆ ಈಗ ನಾನು ಬ್ಲೆಸ್ಡ್ ಅಲ್ಲ ಎಂದುಕೊಂಡೆ. ಚರ್ಚಿಗೆ ಹೋಗುವುದನ್ನೇ ಬಿಟ್ಟೆ. ಒಂದು ಶನಿವಾರ ಆಂಟಿ ಬಾಗಿಲಿಗೆ ಬಂದು, "ಬಾರೇ, ಪೀಠದ ಬಟ್ಟೆ ಮಡಚೋಕೆ ಒಬ್ಳಿಗೇ ಆಗಲ್ಲ. ಒಂದ್ ತುದಿ ಹಿಡ್ಕೋ" ಎಂದರು.

ಹೋದೆ. ಅವರ ಮನೆಯ ಹಿಂದೆ ಇದ್ದ ಬಕೆಟ್ ಎತ್ತಿ, ಯಾವುದೋ ಯೋಚನೆಯಲ್ಲಿ, ಸೀದಾ ಮೋರಿಗೆ ಸುರಿದುಬಿಟ್ಟೆ. ಅದು ಮೊದಲ ನೀರು. ಗೊತ್ತಾದದ್ದು ಸುರಿದ ಮೇಲೆ. "ಇದನ್ನೂ ಹಾಳ್ಮಾಡ್ದೆ ಆಂಟಿ. ನನ್ ಕೈಗೆ ಬ್ಲೆಸ್ಸಿಂಗೇ ಇಲ್ಲ" ಎಂದು ಅಲ್ಲೇ ಕುಕ್ಕರಿಸಿ ಅತ್ತೆ.

ಆಂಟಿ ಮೋರಿಯನ್ನೊಮ್ಮೆ ನೋಡಿದರು. "ಹೋಗ್ಲಿ ಬಿಡು. ಕರಿಬೇವಿಗೇ ಎಷ್ಟ್ ದಿನ ಹಾಕೋದು? ಮೋರಿಗೂ ಒಂದ್ ಪಾಲು."

ಅಳುತ್ತಲೇ ನಗು ಬಂತು. ಅವರೂ ನನ್ನ ಪಕ್ಕ ಕೂತು, ಒದ್ದೆ ಕೈಯಲ್ಲೇ ತಲೆ ಸವರಿದರು. "ಬ್ಲೆಸ್ಡ್ ಅಂದ್ರೆ ಕೇಳಿದ್ದೆಲ್ಲ ಸಿಕ್ಕೋರು ಅಂತ ಯಾರೇ ಹೇಳಿದ್ದು ನಿಂಗೆ? ಯೇಸು ಆ ಮಾತು ಹೇಳಿದ್ದು ಅಳೋರಿಗೆ ಕಣೇ. ಮಗು ವಾಪಸ್ ಬರಲ್ಲ. ಆದ್ರೆ ಆತ ನಿನ್ ಬಿಟ್ಟು ಎದ್ದೂ ಹೋಗಲ್ಲ."

ಕಾನ್ವೆಂಟಿನಲ್ಲಿ ಸಿಸ್ಟರ್ 'ದುಃಖಪಡುವವರು ಧನ್ಯರು' ಎಂಬಂಥ ಯೇಸುವಿನ ಆ ಮಾತುಗಳನ್ನೆಲ್ಲ ಇಂಗ್ಲಿಷಿನಲ್ಲಿ ಬೈಹಾರ್ಟ್ ಮಾಡಿಸಿದ್ದರು. ಫುಲ್ ಮಾರ್ಕ್ಸ್ ನನಗೆ. ಅರ್ಥವಾದದ್ದು ಆ ಮೋರಿಯ ಪಕ್ಕದಲ್ಲಿ... ಆಮೇಲೆ ಇಬ್ಬರೂ ಎದ್ದು, ನೆಲಕ್ಕೆ ತಾಗದ ಹಾಗೆ ಬಟ್ಟೆ ಮಡಚಿದೆವು. ಮರುದಿನ ಆಂಟಿಯ ಜೊತೆಗೇ ಪೂಜೆಗೆ ಹೋದೆ.

ಅವರು ತೀರಿಕೊಂಡು ಎಷ್ಟೋ ವರ್ಷವಾಯಿತು. ವಠಾರವಿದ್ದಲ್ಲಿ ಅಪಾರ್ಟ್‌ಮೆಂಟ್ ಎದ್ದಿದೆ, ಕರಿಬೇವಿನ ಗಿಡವಿಲ್ಲ. ಡ್ಯೂಟಿ ಈಗ ನನ್ನದು, ವಿಜಯನಗರದ ಈ ಎರಡನೇ ಮಹಡಿಯಲ್ಲಿ. ಮೊದಲ ನೀರು ಬಾಲ್ಕನಿಯ ದಾಸವಾಳಕ್ಕೆ. ಆಮೇಲೆ ಬಕೆಟ್ ಜಾಲಿಸಿದ ನೀರನ್ನು ಮೋರಿಗೆ ಬಿಡುವಾಗ ಅವರ ಮಾತು ನೆನಪಾಗಿ ನಗು ಬರುತ್ತದೆ.

ಮಡಚುವಾಗ ಮಾತ್ರ ಕಷ್ಟ. ಇನ್ನೊಂದು ತುದಿಯನ್ನು ಕುರ್ಚಿಯ ಬೆನ್ನಿಗೆ ಸಿಕ್ಕಿಸಿಕೊಳ್ಳುತ್ತೇನೆ...