ಕತ್ತಲಲ್ಲಿ ಐದು ನಿಮಿಷ, ರೋಷನಬಿ ಜೊತೆ

ಬೆಳಗಿನ ಐದು ಗಂಟೆ ಹತ್ತು ನಿಮಿಷ. ಜೋಗೇಶ್ವರಿ ಪೂರ್ವದ ಚಾಳಿನಲ್ಲಿ ನಳಕ್ಕೆ ನೀರು ಬಂದಿದೆ. ಓಣಿಯ ತುಂಬ ಕೊಡ, ಬಕೆಟ್ಟು, ನೀಲಿ ಡ್ರಮ್ಮು. ಅವುಗಳ ನಡುವೆ ಕಾಲಿಗೆ ಜಾಗ ಹುಡುಕಿಕೊಂಡು ಬರುವ ರೋಷನಬಿಯ ಹೆಗಲಲ್ಲಿ ಒಂದು ಕಪ್ಪು ಚೀಲವಿದೆ. ಅದರೊಳಗಿರುವುದು ದೊಡ್ಡ ಟಾರ್ಚಿನಷ್ಟು ಗಾತ್ರದ ಕ್ಯಾಮರಾ. ಕಣ್ಣಿನ ಪಾಪೆಯೊಳಗೆ ಇಣುಕಿ, ಹಿಂಬದಿಯ ಪರದೆಯ, ಅಂದರೆ ರೆಟಿನಾದ, ಚಿತ್ರ ತೆಗೆಯುವ ಕ್ಯಾಮರಾ.

ಇಷ್ಟು ಬೇಗ ಯಾಕೆ ಬರುತ್ತೀರಿ ಎಂದು ಕೇಳುತ್ತೇನೆ.

"ನೀರು ಬಿಟ್ಟಾಗ ಎಲ್ಲಾರೂ ಮನ್ಯಾಗ ಸಿಗ್ತಾರ್ರಿ. ಮತ್ತ ಇನ್ನಾ ಕತ್ತಲಿ ಇರತೈತಿ. ಕತ್ತಲ್ಯಾಗ ಕೂತ್ರ ಕಣ್ಣಿನ ಪಾಪಿ ತಾನ ಅಗಲ ಆಗತೈತಿ, ಹನಿ ಹಾಕೂದು ಬ್ಯಾಡ. ಹನಿ ಹಾಕಿದ್ರ ನಾಕ್ ತಾಸು ಮಂಜು ಮಂಜು. ಮಷಿನ್ ಮುಂದ ನಿಲ್ಲೂ ಮಂದಿ, ಯಾರು ಹಾಕಿಸ್ಕೋತಾರ?"

ನಲವತ್ತೆಂಟರ ರೋಷನಬಿ ವಿಜಯಪುರ ಜಿಲ್ಲೆಯವರು. ಮಲಾಡಿನಿಂದ ಮೊದಲ ಲೋಕಲ್‌ಗಳಲ್ಲೊಂದನ್ನು ಹಿಡಿದು ಬರುತ್ತಾರೆ. ಕಣ್ಣಾಸ್ಪತ್ರೆಯೊಂದರ ಟ್ರಸ್ಟ್ ಅವರಿಗೆ ಆರು ವರ್ಷದ ಹಿಂದೆ ಈ ಕೆಲಸ ಕಲಿಸಿತು. ದಿನಕ್ಕೆ ಹನ್ನೆರಡರಿಂದ ಹದಿನಾಲ್ಕು ಜನ, ಎಲ್ಲರೂ ಸಕ್ಕರೆ ಕಾಯಿಲೆಯವರು. ಅವರ ನೋಟ್‌ಬುಕ್ಕಿನ ಪ್ರಕಾರ ಈವರೆಗೆ ಹದಿನೈದು ಸಾವಿರ ಜನರ ಕಣ್ಣು ನೋಡಿಯಾಗಿದೆ. ಆದರೆ ಈ ಚಾಳಿಗೆ ಬರುತ್ತಿರುವುದು ಈ ವಾರವೇ ಮೊದಲು. ಆರು ವರ್ಷ ಬೇರೆ ಬೇರೆ ಓಣಿಗಳ ಹೆಸರು ಮೇಲೆ ಬರೆದು, ಇದನ್ನು ಪಟ್ಟಿಯ ಕೊನೆಗೆ ತಳ್ಳುತ್ತ ಬಂದಿದ್ದಾರೆ. ಯಾಕೆ ಎಂದು ಕೇಳಿದರೆ ಚೀಲದ ಜಿಪ್ ಎಳೆಯುತ್ತಾರೆ.

ಮೂರನೆಯ ಮನೆ ಈರಣ್ಣನದು. ಸಿಂದಗಿ ಕಡೆಯವನು, ನಲವತ್ತಾರು ವರ್ಷ. ಹತ್ತಿರದ ಗಾಲಾ ಒಂದರಲ್ಲಿ, ಇಲ್ಲಿ ಸಣ್ಣ ಕಾರ್ಖಾನೆಯ ಕೋಣೆಗೆ ಹಾಗೆನ್ನುತ್ತಾರೆ, ಪ್ರೆಸ್ ಮಷಿನ್ನಿನಲ್ಲಿ ಡಬ್ಬಿಯ ಮುಚ್ಚಳ ಒತ್ತುತ್ತಾನೆ. ಸಕ್ಕರೆ ಕಾಯಿಲೆ ಬಂದು ಒಂಬತ್ತು ವರ್ಷ. ಹೆಂಡತಿ ಶರಣವ್ವ ಅವನ ಬುತ್ತಿಗೆ ರೊಟ್ಟಿ ಮಡಚಿಡುತ್ತಿದ್ದಾಳೆ.

"ನನ್ನ ಕಣ್ಣು ಬರೋಬರಿ ಅದಾವ ಆಪಾ. ಇಕೀದು ನೋಡು, ಪಲ್ಯಕ್ಕ ಉಪ್ಪು ಹಾಕೀನೋ ಇಲ್ಲೋ ಕಾಣವಲ್ದು ಇಕೀಗಿ," ಎಂದು ಈರಣ್ಣ ರೋಷನಬಿಗೆ ಹೇಳುತ್ತಾನೆ; ಆಪಾ ಎಂದರೆ ಅಕ್ಕ.

"ಉಪ್ಪು ನಾಲಿಗಿಗೆ ಕಾಣೂದು, ಕಣ್ಣಿಗಲ್ಲ. ಸುಮ್ಮ ಕೂಡ್ರಿ," ಎಂದು ಶರಣವ್ವ ತಿರುಗಿಯೂ ನೋಡದೆ ಹೇಳುತ್ತಾಳೆ.

ರೋಷನಬಿ ಅಕ್ಷರದ ಬೋರ್ಡು ಇಟ್ಟುಕೊಳ್ಳುವುದಿಲ್ಲ. ಎದುರು ಮನೆಯ ಕಿಟಕಿ ತೋರಿಸಿ, ಅದರ ಸರಳು ಎಣಿಸು ಎನ್ನುತ್ತಾರೆ. ಅಲ್ಲಿ ಟ್ಯೂಬ್‌ಲೈಟ್ ಉರಿಯುತ್ತಿದೆ. ಒಂದು ಕಣ್ಣನ್ನು ಅಂಗೈಯಿಂದ ಮುಚ್ಚಬೇಕು, ಬೆರಳಿನಿಂದಲ್ಲ. ಬೆರಳಿನ ಸಂದಿಯಲ್ಲಿ ಎಲ್ಲರೂ ಕದ್ದು ನೋಡುತ್ತಾರೆ.

ಈರಣ್ಣ ಬಲಗಣ್ಣು ಮುಚ್ಚುತ್ತಾನೆ. "ಏಳು," ಎನ್ನುತ್ತಾನೆ. ಸರಿಯಿದೆ. ಎಡಗಣ್ಣು ಮುಚ್ಚುತ್ತಾನೆ.

ಕತ್ತು ಮುಂದೆ ಚಾಚುತ್ತಾನೆ.

"ಟ್ಯೂಬ್ ಹೋತೇನು?"

ಟ್ಯೂಬ್ ಉರಿಯುತ್ತಲೇ ಇದೆ. ಅವನು ಅಂಗೈ ತೆಗೆಯುತ್ತಾನೆ, ಮತ್ತೆ ಇಡುತ್ತಾನೆ, ಮತ್ತೆ ತೆಗೆಯುತ್ತಾನೆ. ಶರಣವ್ವನ ಕೈಯಲ್ಲಿದ್ದ ರೊಟ್ಟಿ ಅರ್ಧ ಮಡಚಿದಂತೆಯೇ ನಿಲ್ಲುತ್ತದೆ. ಒಂದು ಕಣ್ಣು ಯಾವಾಗ ಹೋಯಿತೆಂದು ಆ ಕಣ್ಣಿನ ಒಡೆಯನಿಗೇ ಗೊತ್ತಿಲ್ಲ. ನೋವಿಲ್ಲ, ಕೆಂಪಾಗಲಿಲ್ಲ, ನೀರು ಸುರಿಯಲಿಲ್ಲ. ಇನ್ನೊಂದು ಕಣ್ಣು ಎರಡರ ದುಡಿಮೆಯನ್ನೂ ಸದ್ದಿಲ್ಲದೆ ಮಾಡುತ್ತಿತ್ತು, ಅಷ್ಟೆ. ಹೀಗಾಗುತ್ತದೆ ಎಂದು ನಾನು ಓದಿದ್ದೆ. ಎರಡು ಅಡಿ ದೂರದಲ್ಲಿ ಕುಳಿತು ನೋಡಿರಲಿಲ್ಲ.

ರೋಷನಬಿ ಬಾಗಿಲು ಹಾಕುತ್ತಾರೆ, ಕಿಟಕಿಗೆ ಚಾದರ ಇಳಿಬಿಡುತ್ತಾರೆ, ದೀಪ ಆರಿಸುತ್ತಾರೆ. ಪಾಪೆ ಅಗಲವಾಗಲು ಐದು ನಿಮಿಷ ಬೇಕು. ಹತ್ತಡಿ ಕೋಣೆಯಲ್ಲಿ ನಾವು ನಾಲ್ವರು. ಹೊರಗೆ ಡ್ರಮ್ಮಿಗೆ ನೀರು ಬೀಳುವ ಸದ್ದು, ಒಳಗೆ ಉಸಿರು. ಈ ಐದು ನಿಮಿಷದಲ್ಲಿ ಜನ ಹಗಲಲ್ಲಿ ಆಡದ ಮಾತು ಆಡುತ್ತಾರೆ ಎಂದು ರೋಷನಬಿ ದಾರಿಯಲ್ಲಿ ಹೇಳಿದ್ದರು.

"ಹೋದ ತಿಂಗಳ ಗಾಲಾದಾಗ ಕಣ್ಣಿನ ತಪಾಸಣಿ ಆತು, ಆಪಾ," ಈರಣ್ಣನ ದನಿ ಬರುತ್ತದೆ. "ಒಂದೊಂದ ಕಣ್ಣು ಮುಚ್ಚಸ್ಲಿಲ್ಲ, ಎರಡೂ ಕೂಡೇ ಬೋರ್ಡ್ ಓದಿಸಿದ್ರು. ಎರಡೂ ಕಣ್ಣು ಪಾಸ್."



"ಬೋರ್ಡ್ ಬಾಯಿಪಾಠ ಮಾಡಿದ್ರಿ?" ರೋಷನಬಿ ಕೇಳುತ್ತಾರೆ. "ಯಾರು ಕಲಿಸಿದ್ರು?"

ಕತ್ತಲಲ್ಲಿ ಬಳೆ ಸದ್ದಾಗುತ್ತದೆ. "ನಾನ, ಅಕ್ಕಾ," ಎನ್ನುತ್ತಾಳೆ ಶರಣವ್ವ. "ಕಣ್ಣು ಮಬ್ಬು ಅನ್ನಾಕತ್ತಿದ್ರು. ಚಷ್ಮಾ ಬದಲ್ ಮಾಡಿದ್ರ ಆಗತೈತಿ ಅನ್ಕೊಂಡ್ವಿ. ಅಲ್ಲಿತನಕ ಕೆಲಸ ಉಳೀಲಿ ಅಂತ."

ಚಿತ್ರ ಮೊಬೈಲಿನಲ್ಲಿ ಮೂಡುತ್ತದೆ. ಬಲಗಣ್ಣಿನದು ಬರೀ ಮಸುಕು, ಒಳಗೆ ರಕ್ತ ತುಂಬಿದೆ. ಎಡಗಣ್ಣಿನದು ಮಾಗಿದ ಪಪ್ಪಾಯಿಯ ಬಣ್ಣದ ದುಂಡು. ಅದರ ಮೇಲೆ ಅಲ್ಲಲ್ಲಿ ಕೆಂಪು ಕಲೆ, ಒಂದು ಬದಿಗೆ ಕೂದಲೆಳೆಯಂಥ ಹೊಸ ರಕ್ತನಾಳಗಳ ಗೋಜಲು. ಅವು ಬಲವಿಲ್ಲದವು, ಯಾವ ಗಳಿಗೆಯಲ್ಲಾದರೂ ಒಡೆಯಬಹುದು. ಚಿತ್ರ ಆಸ್ಪತ್ರೆಯ ಡಾಕ್ಟರ್ ವಂದನಾ ಅವರಿಗೆ ಹೋಗುತ್ತದೆ. ಹನ್ನೆರಡು ನಿಮಿಷಕ್ಕೆ ಉತ್ತರ ಬರುತ್ತದೆ: ಬಲಗಣ್ಣಿಗೆ ಹೆಚ್ಚಿನ ಭರವಸೆಯಿಲ್ಲ, ಎಡಗಣ್ಣು ಉಳಿಸಬಹುದು, ಇವತ್ತೇ ಲೇಸರ್ ಆಗಬೇಕು, ಮಷಿನ್ ಕೆಲಸ ಬೇಡ.

"ಇವತ್ತ ಆಗೂದಿಲ್ಲ," ಎನ್ನುತ್ತಾನೆ ಈರಣ್ಣ. "ಪಾಸ್ ಆದೆ ಅಂತನ ಗಾಲಾದ ಸೇಠ ಇವತ್ತಿಂದ ದೊಡ್ಡ ಪ್ರೆಸ್ಸಿಗೆ ಹಾಕ್ಯಾನ. ಐತವಾರ ಹೋಗ್ತೇನಿ." ಬುತ್ತಿ ಕೈಗೆತ್ತಿಕೊಳ್ಳುತ್ತಾನೆ.

ಶರಣವ್ವ ಏನೋ ನೆನಪಾದವಳಂತೆ ಎದ್ದು, ಹಿಟ್ಟಿನ ಡಬ್ಬಿಯ ಹಿಂದಿನಿಂದ ಒಂದು ಕಾಗದ ತೆಗೆದು ರೋಷನಬಿಯ ಕೈಗಿಡುತ್ತಾಳೆ. "ಇದನ್ನ ನೋಡಿ ಕಲಿಸಿದೆ, ಅಕ್ಕಾ. ಚಾಳಿನಾಗ ಭಾಳ ಮಂದಿ ಕಡೆ ಐತಿ."

ಝೆರಾಕ್ಸಿನ ಝೆರಾಕ್ಸು. ಮೇಲೆ ಒಂದು ದೊಡ್ಡ ಇಂಗ್ಲಿಷ್ ಅಕ್ಷರ, ಕೆಳಗೆ ಎರಡು, ಆಮೇಲೆ ಮೂರು. ಇಂಗ್ಲಿಷ್ ಬಾರದವರಿಗೆಂದು ಪ್ರತಿ ಅಕ್ಷರದ ಕೆಳಗೆ ಕನ್ನಡದಲ್ಲಿ ಉಚ್ಚಾರ: ಇ. ಎಫ್, ಪಿ. ಟಿ, ಒ, ಝಡ್.

ರೋಷನಬಿ ಹೊಸ್ತಿಲ ಮೇಲೆ ಕೂತುಬಿಡುತ್ತಾರೆ. ಕಾಗದವನ್ನು ಟ್ಯೂಬ್‌ಲೈಟಿನ ಕಡೆಗೆ ತಿರುಗಿಸಿ ಬಹಳ ಹೊತ್ತು ನೋಡುತ್ತಾರೆ.

"ಇದು ನನ್ನ ಅಕ್ಷರ," ಎನ್ನುತ್ತಾರೆ.

ಒಂಬತ್ತು ವರ್ಷದ ಹಿಂದೆ ಅವರು ಇದೇ ಚಾಳಿನಲ್ಲಿದ್ದರು, ನಳದ ಪಕ್ಕದ ಕೋಣೆಯಲ್ಲಿ. ಗಂಡ ದಾವಲಸಾಬ ಕೂಡ ಪ್ರೆಸ್ ನಡೆಸುತ್ತಿದ್ದವರು, ಅವರಿಗೂ ಸಕ್ಕರೆ ಕಾಯಿಲೆ. ಕಣ್ಣು ಮಬ್ಬಾದಾಗ ಎರಡು ಸಲ ಕನ್ನಡಕ ಬದಲಿಸಿದರು. ಗಾಲಾದಲ್ಲಿ ಕಣ್ಣಿನ ತಪಾಸಣೆ ಎಂದಾಗ, ಏಳನೆಯ ತರಗತಿ ಓದಿದ್ದ ರೋಷನಬಿ ಕನ್ನಡಕದ ಅಂಗಡಿಗೆ ಹೋಗಿ ಬೋರ್ಡಿನ ಅಕ್ಷರಗಳನ್ನು ಕ್ಯಾಲೆಂಡರಿನ ಹಿಂಬದಿಗೆ ಬರೆದುಕೊಂಡು ಬಂದರು. ನಾಲ್ಕು ದಿನ ಗಂಡನಿಗೆ ಬಾಯಿಪಾಠ ಮಾಡಿಸಿದರು. ಅವರು ಪಾಸಾದರು. ಪಕ್ಕದ ಮನೆಯ ನಾಗವ್ವ ತನ್ನ ಗಂಡನಿಗೂ ಬೇಕೆಂದಾಗ ಖುಷಿಯಿಂದಲೇ ಆ ಕಾಗದ ಕೊಟ್ಟರು.

ಏಳು ತಿಂಗಳ ನಂತರ ಮಷಿನ್ ಮುಂದೆ ನಿಂತಿದ್ದ ದಾವಲಸಾಬರ ಕಣ್ಣಿನೊಳಗೆ ಕಪ್ಪು ದಾರಗಳು ಇಳಿಯತೊಡಗಿದವು. ಸಂಜೆಯ ಹೊತ್ತಿಗೆ ಪೂರಾ ಪರದೆ. ಇನ್ನೊಂದು ಕಣ್ಣು ಅಷ್ಟರಲ್ಲಾಗಲೇ ಹೋಗಿತ್ತು.

"ಡಾಕ್ಟರ್ ಕೇಳಿದ್ರು, ಹಿಂದ ಯಾವಾಗ ತೋರಿಸಿದ್ರಿ, ಆವಾಗರ ಗೊತ್ತಾಗಬೇಕಿತ್ತಲ್ಲ ಅಂತ. ನಮ್ಮ ಮನಿಯವರು ನನ್ನ ಹೆಸರು ಹೇಳಲಿಲ್ಲ. ನಾನೂ ಹೇಳಲಿಲ್ಲ," ಎನ್ನುತ್ತಾರೆ ರೋಷನಬಿ. "ಹೋದ ಕಣ್ಣು ಲೇಸರ್ ಹೊಡದ್ರ ಬರೂದಿಲ್ಲ. ಇದ್ದದ್ದನ್ನ ಉಳಸ್ತಾರ. ಅದಕ್ಕ ಕಾಣುವಾಗ ಹೋಗಬೇಕು. ವರ್ಷಕ್ಕೊಮ್ಮೆ, ಚಲೋ ಕಂಡ್ರೂ."

ಈರಣ್ಣ ಚಪ್ಪಲಿ ಮೆಟ್ಟಿದ್ದಾನೆ. ಶಿಫ್ಟು ಏಳಕ್ಕೆ, ಈಗ ಆರೂ ಇಪ್ಪತ್ತು. ರೋಷನಬಿ ಅವನನ್ನು ತಡೆಯುವುದಿಲ್ಲ. ಮೊಬೈಲ್ ತೆಗೆದು ಗಂಡನಿಗೆ ಫೋನ್ ಹಚ್ಚಿ ಸ್ಪೀಕರ್ ಹಾಕುತ್ತಾರೆ. ಆಸ್ಪತ್ರೆಗೆ ಹೋಗದವರ ಜೊತೆ ಮಾತಾಡುವುದು ದಾವಲಸಾಬರ ಪಾಲಿನ ಕೆಲಸ. ಮಲಾಡಿನ ಮನೆಯಲ್ಲಿ ಕೂತು ದಿನಕ್ಕೆ ಐದಾರು ಜನರ ಜೊತೆ ಮಾತಾಡುತ್ತಾರೆ.

"ಯಾರು ಹೊಂಟಿಲ್ಲ?" ಎಂದು ಕೇಳುತ್ತದೆ ಆ ಕಡೆಯ ದನಿ.

"ನಮ್ಮ ಹಳೇ ಚಾಳಿನ ಈರಣ್ಣ ಅಂತ. ಪ್ರೆಸ್ ಮ್ಯಾಲ ಅದಾನ. ನನ್ನ ಕಾಗದ ನೋಡಿ ಪಾಸ್ ಆಗ್ಯಾನ." ರೋಷನಬಿ ಕಾಗದವನ್ನು ಶರಣವ್ವನ ಕೈಗೆ ವಾಪಸು ಕೊಡುತ್ತಾರೆ. "ಇನ್ನಾ ಐತಿ ಅದು, ಇಲ್ಲೆ."

ಆ ಕಡೆಯಿಂದ ದಾವಲಸಾಬ ಶುರುಮಾಡುತ್ತಾರೆ.

"ಇ. ಎಫ್, ಪಿ. ಟಿ, ಒ, ಝಡ್." ಒಂದೊಂದೇ ಸಾಲು, ಅವಸರವಿಲ್ಲದೆ, ಶಾಲೆಯ ಮಗು ಒಪ್ಪಿಸುವ ಹಾಗೆ, ಕೊನೆಯ ಸಣ್ಣ ಅಕ್ಷರಗಳ ಸಾಲಿನವರೆಗೂ. ಒಂದೂ ತಪ್ಪಿಲ್ಲ. ಶರಣವ್ವ ಕಾಗದದ ಮೇಲೆ ಬೆರಳಿಟ್ಟು ಸರಿಸುತ್ತ ಬಂದಿದ್ದಾಳೆ, ಅವಳ ಬೆರಳು ಕೊನೆಯ ಅಕ್ಷರದ ಮೇಲೆ ನಿಲ್ಲುತ್ತದೆ.

"ಬರೋಬರಿ ಐತಿಲ್ಲೋ ಈರಣ್ಣ?" ಎನ್ನುತ್ತಾರೆ ದಾವಲಸಾಬ. "ಇವತ್ತ ತಪಾಸಣಿ ಮಾಡಿದ್ರೂ ನಾ ಪಾಸ್. ಚಾದ ಕಪ್ಪು ಎಲ್ಲೈತಿ ಅಂತ ಮಾತ್ರ ಕೇಳಬ್ಯಾಡ."

ಹೊರಗೆ ನಳದ ನೀರು ನಿಂತಿದೆ. ಈರಣ್ಣ ನಿಂತಲ್ಲೇ ಎಡಗಣ್ಣನ್ನು ಅಂಗೈಯಿಂದ ಮುಚ್ಚಿ ಹೆಂಡತಿಯ ಕಡೆ ನೋಡುತ್ತಾನೆ. ಒಂದು ಗಳಿಗೆ ಹಾಗೇ ಇರುತ್ತಾನೆ. ಆಮೇಲೆ ಬುತ್ತಿಯನ್ನು ಕೆಳಗಿಡುತ್ತಾನೆ.

"ಯಾವ ಸ್ಟೇಷನ್ನಿಗೆ ಇಳೀಬೇಕು, ಆಪಾ?"

ಐದು ದಿನದ ನಂತರ, ಮಲಾಡಿನಲ್ಲಿ ರೋಷನಬಿಯ ಮನೆಗೆ ಹೋಗುತ್ತೇನೆ. ಈರಣ್ಣನ ಎಡಗಣ್ಣಿಗೆ ಅವತ್ತೇ ಮಧ್ಯಾಹ್ನ ಲೇಸರ್ ಆಗಿದೆ, ಇನ್ನೆರಡು ಸಲ ಹೋಗಬೇಕು. ಬಲಗಣ್ಣು ಬಂದಿಲ್ಲ. ಸೇಠನಿಗೆ ಇದ್ದದ್ದು ಇದ್ದಂತೆ ಹೇಳಿದ್ದಾನೆ. ಎರಡು ದಿನ ಬೈದಾಡಿದ ಸೇಠ, ಮೂರನೆಯ ದಿನ ಪ್ಯಾಕಿಂಗ್ ಮೇಜಿಗೆ ಕೂರಿಸಿದ್ದಾನೆ.

ದಾವಲಸಾಬ ಗೋಡೆಗೊರಗಿ ಫೋನಿನಲ್ಲಿ ಯಾರಿಗೋ ಗದರುತ್ತಿದ್ದಾರೆ. ರೋಷನಬಿ ಟ್ರಂಕಿನ ಮೇಲಿಂದ ಕಾಗದಗಳ ಸಣ್ಣ ಕಟ್ಟು ತೆಗೆಯುತ್ತಾರೆ. ಐದು ದಿನದಲ್ಲಿ ಆ ಚಾಳಿನಿಂದ ಅಂಥ ಹನ್ನೊಂದು ಝೆರಾಕ್ಸು ಸಿಕ್ಕಿವೆ. ಒಂದನ್ನು ಯಾರೋ ಪ್ಲಾಸ್ಟಿಕ್ ಹಾಕಿಸಿ ಭದ್ರ ಮಾಡಿದ್ದರು. ಈಗ ಪ್ರತಿ ಮನೆಯಲ್ಲೂ ದೀಪ ಆರಿಸಿದ ಮೇಲೆ, ಆ ಐದು ನಿಮಿಷದಲ್ಲಿ, ಮೊದಲು ಅದನ್ನೇ ಕೇಳುತ್ತಾರಂತೆ. ಕತ್ತಲಲ್ಲಿ ಜನ ಕೊಟ್ಟುಬಿಡುತ್ತಾರೆ.

ಇನ್ನೆಷ್ಟು ಇರಬಹುದು ಎನ್ನುತ್ತೇನೆ.

"ಯಾರಿಗೆ ಗೊತ್ರಿ," ಎನ್ನುತ್ತಾ ಅವರು ಕಟ್ಟಿಗೆ ಮತ್ತೆ ದಾರ ಸುತ್ತುತ್ತಾರೆ. "ಶಾಲ್ಯಾಗ ನನ್ನ ಅಕ್ಷರ ಚಂದ ಅಂತ ಮಾಸ್ತರು ಎಲ್ಲಾರಿಗೂ ತೋರಸ್ತಿದ್ರು. ಈಗ ಒಂದ ಆಸೆರಿ. ಅದು ಯಾರ ಮನ್ಯಾಗೂ ಉಳೀಬಾರದು."