ಹದಿನೇಳನೇ ನಂಬರು

ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ರಾಯಚೂರಿನ ಹೊರವಲಯದಲ್ಲಿದ್ದ ಒಂದು ವಿದ್ಯಾಲಯದ ಕ್ಯಾಂಪಸ್ಸಿನಲ್ಲಿ ನಾನು ಟೆಲಿಫೋನ್ ಆಪರೇಟರ್ ಆಗಿದ್ದೆ. ಊರಿನ ಟೆಲಿಫೋನ್ ಕಚೇರಿಯಿಂದ ನಮಗಿದ್ದದ್ದು ಒಂದೇ ಲೈನು. ಅದು ನನ್ನ ಬೋರ್ಡಿಗೆ ಬರುತ್ತಿತ್ತು, ಅಲ್ಲಿಂದ ಮೂವತ್ತು ಕಡೆಗೆ ಮೂವತ್ತು ನಂಬರು. ಯಾರಿಗೆ ಯಾವ ನಂಬರು ಎಂಬ ರಿಜಿಸ್ಟರು ನನ್ನ ಕೈಯಲ್ಲಿತ್ತು. ನಂಬರು ಬೇಕಾದವರು ಅರ್ಜಿ ಕೊಡಬೇಕು, ಬೇಡವಾದವರು ಬಿಟ್ಟುಕೊಟ್ಟಿದ್ದೇನೆ ಎಂದು ಬರೆದುಕೊಡಬೇಕು. ಅಲ್ಲಿಯವರೆಗೆ ಆ ನಂಬರು ಆ ಜಾಗಕ್ಕೇ ಕಾಯಂ.

ಮನೆಯಲ್ಲಿ ಅಬ್ಬಾ ಮತ್ತು ಅಣ್ಣಂದಿರ ಮುಂದೆ ನನ್ನ ಮಾತು ನಡೆಯುತ್ತಿರಲಿಲ್ಲ. ಇಲ್ಲಿ ದೊಡ್ಡ ದೊಡ್ಡ ಪ್ರೊಫೆಸರುಗಳು ಪೇರಲಹಣ್ಣು ಹಿಡಿದು ಬಂದು, "ನಮ್ಮ ಅರ್ಜಿ ಏನಾತ್ರೀ?" ಎಂದು ನಿಲ್ಲುತ್ತಿದ್ದರು. ತಲೆ ತಿರುಗದೆ ಇರುತ್ತದೆಯೇ? ನಾನೇ ಒಂದು ಕಟ್ಟಳೆ ಮಾಡಿದ್ದೆ. ಹೊರಗಿನಿಂದ ಕರೆ ಮಾಡುವವರು ನಂಬರನ್ನೇ ಹೇಳಬೇಕು. ನಮ್ಮ ಕಡೆಯ ಜನ ಫೋನಿನಲ್ಲೂ ಊರು, ಮನೆತನ, ಯಾರ ಮಗ, ಯಾರ ಅಳಿಯ ಎಲ್ಲ ಮುಗಿಸಿಯೇ ವಿಷಯಕ್ಕೆ ಬರುವವರು. "ಹೆಸರು ಬ್ಯಾಡ, ನಂಬರ್ ಹೇಳ್ರಿ" ಎಂದು ಗದರಿ ಗದರಿ ಎಲ್ಲರನ್ನೂ ದಾರಿಗೆ ತಂದಿದ್ದೆ. ಕ್ಯಾಂಪಸ್ಸಿನವರು ತಮ್ಮ ನೆಂಟರಿಗೂ ಅದನ್ನೇ ಕಲಿಸಿದ್ದರು.

ಹದಿನೇಳು ನಮ್ಮ ವಿದ್ಯಾಲಯದ ದನದ ಕೊಟ್ಟಿಗೆಯ ನಂಬರು. ಅಲ್ಲಿ ದನ ನೋಡಿಕೊಳ್ಳುತ್ತಿದ್ದವರು ಕಲ್ಮಲದ ಒಬ್ಬ ಹಿರಿಯರು. ಅವರು ತಾವಾಗಿ ಎಂದೂ ಫೋನು ಮಾಡಿದವರಲ್ಲ, ಬಡಿದರೆ ಎತ್ತುವುದು, ಅಷ್ಟೇ. ಅದೂ ವರ್ಷಕ್ಕೆ ನಾಲ್ಕು ಸಲವಾದರೆ ಹೆಚ್ಚು.

ಹೊಸದಾಗಿ ಬಂದ ಪ್ರೊಫೆಸರೊಬ್ಬರು ಮನೆಗೆ ಫೋನು ಬೇಕೆಂದು ಹಟ ಹಿಡಿದರು. ಖಾಲಿ ನಂಬರು ಇರಲಿಲ್ಲ. ಅವರ ಹೆಂಡತಿ ನನ್ನನ್ನು ಮನೆಗೆ ಕರೆದು, ಪಕ್ಕದಲ್ಲಿ ಕೂರಿಸಿಕೊಂಡು, ಅಕ್ಕತಂಗಿಯರ ಹಾಗೆ ಮಾತಾಡಿದರು. ಅಷ್ಟಕ್ಕೇ ಕರಗಿಹೋದೆ. ರಿಜಿಸ್ಟರಿನಲ್ಲಿ ಹದಿನೇಳರ ಮುಂದೆ 'ಬಳಕೆಯಲ್ಲಿಲ್ಲ' ಎಂದು ಬರೆದು, ಆ ನಂಬರನ್ನು ಅವರ ಮನೆಗೆ ತಿರುಗಿಸಿದೆ. ಕೊಟ್ಟಿಗೆಯ ಹಿರಿಯರಿಂದ ಕಾಗದ ಬರೆಸಿಕೊಳ್ಳಲಿಲ್ಲ, ಒಂದು ಮಾತು ತಿಳಿಸಲೂ ಇಲ್ಲ. ಫೋನು ಬಿಚ್ಚಿಕೊಂಡು ಬರುವಾಗ ಲೈನ್‌ಮನ್ ಹೇಳುತ್ತಾನೆ ಬಿಡು ಎಂದುಕೊಂಡೆ. ಅವನು ಇವತ್ತು ನಾಳೆ ಎನ್ನುತ್ತ ಹೋಗಲೇ ಇಲ್ಲ. ಸತ್ತ ಫೋನು ಕೊಟ್ಟಿಗೆಯ ಗೋಡೆಯ ಮೇಲೆಯೇ ಉಳಿಯಿತು.

ಮೂರು ವಾರ ಕಳೆದಿರಬೇಕು. ಒಂದು ಸೋಮವಾರ ಬೆಳಿಗ್ಗೆ ದೇವದುರ್ಗದಿಂದ ಟ್ರಂಕ್ ಕಾಲ್ ಬಂತು.

"ನಮ್ಮ ಮಾವಾರು..." ಎಂದು ಶುರುಮಾಡಿತು ಒಂದು ಗಂಡುದನಿ.

"ಹೆಸರು ಬ್ಯಾಡ, ನಂಬರ್ ಹೇಳ್ರಿ."

"ಹದಿನೇಳ್ರೀ."

ಹದಿನೇಳಕ್ಕೆ ತಂತಿ ಹಚ್ಚಿದೆ. ಪ್ರೊಫೆಸರರ ಮನೆಯವರೆಲ್ಲ ಮದುವೆಗೆಂದು ಮಾನ್ವಿಗೆ ಹೋಗಿದ್ದರು. ಬೀಗ ಹಾಕಿದ ಮನೆಯಲ್ಲಿ ಫೋನು ಬಡಿದೇ ಬಡಿಯಿತು.

"ಯಾರೂ ಎತ್ತವಲ್ರು," ಎಂದೆ.

"ಫೋನ್ ಹತ್ರಾನ ಕುಂತಿರ್ತೀನಿ ಅಂದಿದ್ರರೀ. ಇನ್ನೊಂದ್ಸಲ ನೋಡ್ರಿ ಅಕ್ಕಾರ, ಭಾಳ ಅಡಚಣಿ ಅದ."

"ಇಲ್ಲ ಅಂದ್ರ ಇಲ್ರೀ. ಬ್ಯಾರೆಯವರು ಕಾಯಾಕತ್ಯಾರ," ಎಂದು ತಂತಿ ಕಿತ್ತೆ.

ಬೇರೆ ಯಾರೂ ಕಾಯುತ್ತಿರಲಿಲ್ಲ. ನನಗೆ ಚಹಾ ಬಂದಿತ್ತು, ಆರುತ್ತದಲ್ಲ ಎಂದು ಅವಸರ.

ನಾಲ್ಕು ದಿನದ ಮೇಲೆ ಕೊಟ್ಟಿಗೆಯ ಹಿರಿಯರು ನನ್ನ ಕೋಣೆಯ ಬಾಗಿಲಿಗೆ ಬಂದು ನಿಂತರು. ಮುಖದ ಕಳೆಯೇ ಹೋಗಿತ್ತು.

"ಯವ್ವಾ, ಸೋಮವಾರ ಮುಂಜಾನಿ ನನ್ನ ನಂಬರಿಗೆ ಫೋನ್ ಬಂದಿತ್ತೇನು?"

ಆಮೇಲೆ ಅವರೇ ಎಲ್ಲ ಹೇಳಿದರು. ಮಗಳನ್ನು ಮಸರಕಲ್‌ಗೆ ಕೊಟ್ಟಿದ್ದರು, ಚೊಚ್ಚಲ ಬಸಿರು. ನೋವು ಕಾಣಿಸಿಕೊಂಡಾಗ ದೇವದುರ್ಗದ ಆಸ್ಪತ್ರೆಗೆ ಕರೆತಂದರೆ, ಇಲ್ಲಿ ಆಗುವುದಿಲ್ಲ, ರಾಯಚೂರಿಗೆ ಒಯ್ಯಿರಿ ಎಂದಿದ್ದರು. ನಮ್ಮ ದನದ ಡಾಕ್ಟರು ಒಳ್ಳೆಯವರು, ಫೋನು ಬಂದ ಗಳಿಗೆಗೆ ಜೀಪು ಕಳಿಸುತ್ತೇನೆಂದು ಮೊದಲೇ ಮಾತು ಕೊಟ್ಟಿದ್ದರು. ಫೋನು ಮುಟ್ಟಲಿಲ್ಲ. ಮಧ್ಯಾಹ್ನದ ಬಸ್ಸಿಗೆ ಕಾದರು. ಮಗಳು ಉಳಿದಳು, ಕೂಸು ಉಳಿಯಲಿಲ್ಲ.

ಆ ಗಂಡುದನಿ ನನ್ನ ಕಿವಿಯಲ್ಲಿ ಇನ್ನೂ ಇತ್ತು.

"ಬಂದಿತ್ತು ಯಪ್ಪಾ," ಎಂದೆ. "ಯಾರೂ ಎತ್ತಲಿಲ್ಲ."

ಎರಡೂ ನಿಜ. ಅಷ್ಟು ಹೊಲಸು ನಿಜವನ್ನು ನಾನು ಜೀವನದಲ್ಲಿ ಮತ್ತೆ ಆಡಿಲ್ಲ.

ಅವರು ಅಲ್ಲೇ ನೆಲಕ್ಕೆ ಕುಸಿದು ಕೂತರು. "ನನಗ ಗೊತ್ತಿತ್ತು. ಅವತ್ತು ದನಕ್ಕ ಹುಲ್ಲು ತರಾಕ ಹಿಂದಕ ಹೋಗಿದ್ನಿ, ಅರ್ಧ ತಾಸು. ಆಗ ಬಡದಿರಬೇಕು. ಹಗಲು ರಾತ್ರಿ ಅದರ ಮುಂದ ಕುಂತು, ಬೇಕಾದ ಹೊತ್ತಿಗಿ ಎದ್ದು ಹೋದೆ. ಮಗಳಿಗಿ ಹೆಂಗ ಮಾರಿ ತೋರಸಲಿ?"

ಹೇಳಬೇಕಿತ್ತು. ನಿಮ್ಮ ತಪ್ಪಿಲ್ಲ, ಆ ಫೋನು ಬಡಿಯುವ ಹಾಗೇ ಇರಲಿಲ್ಲ ಎಂಬ ಒಂದೇ ಮಾತು. ಬಾಯಿ ತೆರೆದೆ, ನೌಕರಿ ಕಣ್ಣಮುಂದೆ ಬಂತು, ಮುಚ್ಚಿದೆ. ಅವರು ನಿವೃತ್ತರಾದ ಮೇಲೆ ಎಷ್ಟೋ ಸಲ ಕಲ್ಮಲದ ಬಸ್ಸಿನ ತನಕ ಹೋಗಿ ತಿರುಗಿ ಬಂದಿದ್ದೇನೆ. ನಾನು ಪುಕ್ಕಲಿ, ಬೇರೆ ಕಾರಣವೇನೂ ಇಲ್ಲ.

"ಆ ಫೋನ್ ತಗಸಿಬಿಡ್ರಿ ಯವ್ವಾ," ಎಂದರು ಅವರು. "ಅದನ್ನ ನೋಡಿದ್ರ ಹೊಟ್ಟ್ಯಾಗ ಬೆಂಕಿ ಬಿದ್ದಂಗ ಆಗ್ತದ. ಯಾರಿಗಾರ ಬೇಕಾದವರಿಗಿ ಕೊಡ್ರಿ."

ನಾನು ಡ್ರಾಯರಿನಿಂದ ಒಂದು ಫಾರಮ್ಮು ತೆಗೆದೆ. ಅವರಿಗೆ ಓದು ಬರುತ್ತಿರಲಿಲ್ಲ, ನಾನೇ ತುಂಬಿದೆ. ಹದಿನೇಳನೇ ನಂಬರು ನನಗೆ ಬೇಕಾಗಿಲ್ಲ, ನನ್ನ ಖುಷಿಯಿಂದ ಬಿಟ್ಟುಕೊಟ್ಟಿದ್ದೇನೆ. ತಾರೀಖಿನ ಜಾಗಕ್ಕೆ ಬಂದಾಗ ಪೆನ್ನು ಸ್ವಲ್ಪ ನಿಂತಿತು. ಒಂದು ತಿಂಗಳು ಹಿಂದಿನ ತಾರೀಖು ಹಾಕಿದೆ. ಅವರ ಹೆಬ್ಬೆರಳು ಹಿಡಿದು, ಶಾಯಿ ಹಚ್ಚಿ, ಅದರ ಕೆಳಗೆ ಒತ್ತಿಸಿದೆ.

"ನಿಮಗ ಭಾಳ ತ್ರಾಸ ಕೊಟ್ಟೆ ಯವ್ವಾ," ಎಂದು ಅವರು ಕೈ ಮುಗಿದು ಹೋದರು.